ಕತ್ತಿನ ಮೇಲಿನ ಕಲೆ

ನನ್ನ ಬಲಗಿವಿಯ ಕೆಳಗಿನಿಂದ ಭುಜದವರೆಗೆ ಒಂದು ಸುಟ್ಟ ಕಲೆಯಿದೆ. ಇದೆ ಎನ್ನಬೇಕೋ, ಇತ್ತು ಎನ್ನಬೇಕೋ ಈಗ ನನಗೇ ಗೊಂದಲ.

ನಮ್ಮೂರು ಬಿಳಿಗೆರೆ. ತೆಂಗಿನ ಸೀಮೆಯಲ್ಲಿ ಬಚ್ಚಲೊಲೆಗೆ ಬರವೇ? ಮಟ್ಟೆ, ಕರಟ, ಒಣಗಿದ ಗರಿ ಬೇಕಾದಷ್ಟು. ಕರಟ ಹೊತ್ತಿಕೊಂಡಿತೆಂದರೆ ಹಂಡೆಯ ನೀರು ಕೊತಕೊತ ಕುದಿಯುತ್ತದೆ. 1969ರಲ್ಲಿ, ನನಗೆ ಏಳು ವರ್ಷ. ಹಬ್ಬದ ಬೆಳಿಗ್ಗೆ ಅವ್ವ ಕೊಬ್ಬರಿ ಇಳಿಸಲು ಅಟ್ಟ ಹತ್ತಿದ್ದಳು. ದೊಡ್ಡವಳಂತೆ ನಾನೇ ಹಂಡೆಗೆ ತಂಬಿಗೆ ಅದ್ದಿ ಮೈಮೇಲೆ ಸುರಿದುಕೊಂಡೆ. ಯಾರೋ ಶಾಯಿ ಸುರಿದರು, ಯಾರೋ ಎಣ್ಣೆ ಬಳಿದರು. ಇಪ್ಪತ್ತು ನಿಮಿಷ ತಣ್ಣೀರು ಬಿಡಬೇಕೆಂಬುದು ಆಗ ಯಾರಿಗೆ ಗೊತ್ತಿತ್ತು!

ಗಾಯ ಮಾಯಿತು, ಕಲೆ ಬೆಳೆಯಿತು. ಬೆರಳು ದಪ್ಪ ಉಬ್ಬಿ, ಬೇಸಿಗೆಯಲ್ಲಿ ಜೀವ ಹೋಗುವಂಥ ತುರಿಕೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವ್ವ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು, ಒಂದೂ ಮಾತಾಡದೆ.

ಗಂಡಿನವರು ಬಂದಾಗ ನನ್ನನ್ನು ಎಡಗೆನ್ನೆ ಕಾಣುವಂತೆ ಕೂರಿಸುತ್ತಿದ್ದರು. ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿಯಾಯಿತೇ ಎಂದು ನೋಡುತ್ತಾರಲ್ಲ, ಹಾಗೆ ನೋಡಿ ಮೂವರು ಹೊರಟುಹೋದರು. ನಾಲ್ಕನೆಯವರು, "ಈಗ್ಲೂ ನೋಯುತ್ತಾ?" ಎಂದು ಕೇಳಿದರು. 1984ರಲ್ಲಿ ಅವರನ್ನೇ ಮದುವೆಯಾದೆ.

ಈ ವಯಸ್ಸಿನಲ್ಲಿ ನನಗೇಕೆ ಚಂದದ ಚಿಂತೆ ಎಂದರೂ ಕೇಳದೆ ಮಗಳು ಬೆಂಗಳೂರಿನ ಚರ್ಮವೈದ್ಯೆಯ ಬಳಿ ಎಳೆದೊಯ್ದಳು. ಆಕೆ ಬಿಡಿಸಿ ಹೇಳಿದರು: ಇದು ಕೆಲಾಯ್ಡ್. ಗಾಯ ಮುಚ್ಚಲು ಹೊರಟ ಮೈ ಕೊಲಾಜನ್ ಎಂಬ ನಾರನ್ನು ಹೆಣೆಯುತ್ತಲೇ ಹೋಗುತ್ತದೆ, ನಿಲ್ಲಿಸುವುದನ್ನೇ ಮರೆಯುತ್ತದೆ. ಬರೀ ಕತ್ತರಿಸಿ ತೆಗೆದರೆ ಮೊದಲಿಗಿಂತ ದೊಡ್ಡದಾಗಿ ಬರಬಹುದು. ಕಲೆಯೊಳಕ್ಕೇ ಟ್ರಯಾಮ್ಸಿನೊಲೋನ್ ಸ್ಟೀರಾಯ್ಡ್ ಚುಚ್ಚುಮದ್ದು, ತಿಂಗಳಿಗೊಮ್ಮೆ. ಮೇಲೆ ಸಿಲಿಕೋನ್ ಹಾಳೆ, ದಿನಕ್ಕೆ ಹನ್ನೆರಡು ಗಂಟೆಗೆ ಕಡಿಮೆಯಿಲ್ಲದೆ, ತಿಂಗಳುಗಟ್ಟಲೆ. "ತಗ್ಗುತ್ತೆ ಅಮ್ಮ, ಪೂರ್ತಿ ಅಳಿಸೋಕ್ಕಾಗಲ್ಲ" ಎಂದರು. ವಾರದಲ್ಲಿ ಕಲೆ ಮಾಯವೆನ್ನುವ ಜಾಹೀರಾತಿಗೆ ದುಡ್ಡು ಸುರಿದವಳಿಗೆ ಆ ಮಾತೇ ಹಿಡಿಸಿತು.

ನನ್ನ ಅಂಜಿಕೆ ಕಂಡು ಅವರೊಂದು ಕಥೆಯನ್ನೂ ಹೇಳಿದರು. ಟಿಪ್ಪುವಿನೊಡನೆ 1792ರಲ್ಲಿ ನಡೆದ ಯುದ್ಧದಲ್ಲಿ ಕೋವಾಸ್‌ಜಿ ಎಂಬ ಎತ್ತಿನ ಗಾಡಿಯವನು ಸೆರೆಸಿಕ್ಕಿ ಮೂಗು ಕಳೆದುಕೊಂಡನಂತೆ. ಪುಣೆಯ ಕಡೆಯ ಒಬ್ಬ ನಾಟಿ ಕುಶಲಿ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಕೂರಿಸಿದ. 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಅದನ್ನು ಚಿತ್ರಸಮೇತ ಅಚ್ಚುಹಾಕಿತು. ಅವನ ಮೂಗಿನ ಮುಂದೆ ನನ್ನ ಕತ್ತು ಯಾವ ಲೆಕ್ಕ!

ಆದರೆ ಸೂಜಿ ಸೂಜಿಯೇ. ಆ ಗಟ್ಟಿ ಚರ್ಮದೊಳಗೆ ಔಷಧ ಹೊಗುವಾಗ ಕಣ್ಣಲ್ಲಿ ನೀರು ಬಂತು. ಆರು ಸಲ ಚುಚ್ಚಿಸಿಕೊಂಡ ಮೇಲೆ ತುರಿಕೆ ನಿಂತಿತು, ಉಬ್ಬು ಇಳಿಯಿತು. ಅಲ್ಲಲ್ಲಿ ಚರ್ಮ ಬಿಳಿಚಿಕೊಂಡಿದೆ, ಇರಲಿ.

ಮೊನ್ನೆ ಬಿಳಿಗೆರೆಗೆ ಹೋಗಿದ್ದೆ. ಅವ್ವನಿಗೆ ಕಣ್ಣು ಮಂಜು. ಹೋದಾಗಲೆಲ್ಲ ನನ್ನ ಕತ್ತು ಸವರುವುದು ಅವಳ ರೂಢಿ. ಈ ಸಲ ಬೆರಳು ಅತ್ತಿತ್ತ ಹುಡುಕಾಡಿತು.

"ಎಲ್ಲೇ ಅದು?"

"ಹೋಯ್ತಾ ಬಂತು ಕಣವ್ವ."

ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯಿಬಿಡದವಳು, "ಆವತ್ತು ನಾನು ಅಟ್ಟ ಹತ್ತಬಾರ್ದಿತ್ತು" ಎಂದಳು.

ಏನು ಹೇಳುವುದೋ ತಿಳಿಯಲಿಲ್ಲ. ಗೂಡಿನಲ್ಲಿದ್ದ ಎಣ್ಣೆ ಬಟ್ಟಲು ತಂದು ಅವಳ ಕೈಗಿಟ್ಟು, ಸೆರಗು ಸರಿಸಿ, ಅವಳ ಮುಂದೆ ಕುಳಿತೆ.