ಕೆರೆಯ ದಡಕ್ಕೆ ತಕ್ಕ ಗಾಳದ ಕೋಲು

ಕೊಡೆಯನ್ನು ಕೊಳ್ಳುವವನು ಮಳೆಯನ್ನು ನೆನೆಯುತ್ತಾನೆ. ಪಾದರಕ್ಷೆಯನ್ನು ಕೊಳ್ಳುವವನು ತನ್ನ ಕಾಲನ್ನು ನೋಡಿಕೊಳ್ಳುತ್ತಾನೆ. ಗಾಳದ ಕೋಲನ್ನು ಕೊಳ್ಳುವವನು ಮಾತ್ರ ತಾನು ನಿಲ್ಲತಕ್ಕ ದಡವನ್ನೂ ಹಿಡಿಯತಕ್ಕ ಕೈಯನ್ನೂ ಮರೆತು, ಇನ್ನೂ ನೀರಿನೊಳಗೇ ಇರುವ ಮೀನಿನ ತೂಕವನ್ನು ಎಣಿಸುತ್ತ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಮನೆಗೆ ಬಂದ ಕೋಲು ಬಹುಬೇಗ ಬಾಗಿಲ ಹಿಂದಿನ ಮೂಲೆಯನ್ನು ಸೇರುವುದಕ್ಕೆ ಇದೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ಮೀನನ್ನು ಮುಟ್ಟದ ಮನೆಯವರು ಈ ಪುಟವನ್ನು ಮಗುಚಿಬಿಡಬೇಕಾಗಿಲ್ಲ. ಸಂಜೆಯ ಹೊತ್ತು ನೀರಿನ ಬಳಿ ಸುಮ್ಮನೆ ಕುಳಿತಿರುವ ವಿದ್ಯೆ ಎಲ್ಲರಿಗೂ ಬೇಕಾದುದೇ. ಆ ವಿದ್ಯೆಗೆ ಗಾಳವೊಂದು ನೆಪ.

ಈ ವಿನೋದವು ಪರದೇಶದಿಂದ ಬಂದುದೆಂದು ಕೆಲವರು ತಿಳಿದಿರುವರು. ಹಾಗಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಉಂಟು. ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ಗಾಳದಿಂದ ಅವನ್ನು ಹಿಡಿಯುವ ಬಗೆ, ಇವೆಲ್ಲ ಅಲ್ಲಿ ಬಂದಿವೆ. ಸೋಮೇಶ್ವರನು ಆಳಿದುದು 1126ರಿಂದ 1138ರವರೆಗೆ. ಇತ್ತ ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದ ವಿಷ್ಣುವರ್ಧನನು ಆಳುತ್ತಿದ್ದ ಕಾಲವೂ ಅದೇ. ಬಹುಕಾಲದ ಮೇಲೆ, 1873ರಲ್ಲಿ, ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳೆಯಲ್ಲಿ 120 ಪೌಂಡು ತೂಕದ ಮಹಸೀರ್ ಮೀನನ್ನು ಗಾಳದಿಂದ ಹಿಡಿದರು. ಬೇಲೂರಿಗೆ ನೆರೆಯದಾದ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಗಾಳದ ಹುಚ್ಚನ್ನು ಕನ್ನಡ ಓದುವವರೆಲ್ಲರೂ ಬಲ್ಲರು.

ಆದರೆ 120 ಪೌಂಡಿನ ಮೀನಿನ ಕಥೆಯನ್ನು ಕೇಳಿ ನಮ್ಮ ಸೀಮೆಯ ಕೆರೆಗೆ ಕೋಲನ್ನು ಕೊಂಡರೆ ಕೆಲಸ ಕೆಟ್ಟಿತು. ಅದು ಹರಿಯುವ ಹೊಳೆ, ಇದು ನಿಂತ ನೀರು. ಅರಸೀಕೆರೆಯಂತಹ ಬಯಲು ಸೀಮೆಯ ಊರಿಗೆ ಕೆರೆಯಿಂದಲೇ ಹೆಸರು ಬಂದಿದೆ. ಹಳೇಬೀಡಿನ ಹಿಂದಿನ ಹೆಸರಾದ ದೋರಸಮುದ್ರದಲ್ಲಿಯೂ ಕೆರೆಯೇ ಇದೆ. ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ, ಊರಿಗೆ ಸಮೀಪದಲ್ಲಿ ಯಗಚಿಗೆ ಅಡ್ಡಲಾಗಿ ಕಟ್ಟಿದ ಜಲಾಶಯವಿದೆ. ಇಲ್ಲಿ ಗಾಳಕ್ಕೆ ಸಿಕ್ಕುವುದು ಹೆಚ್ಚಾಗಿ ಸಾಕಿ ಬಿಟ್ಟ ಕಾಟ್ಲ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ. ಬಿಡದೆಯೇ ಹಬ್ಬಿದ ಜಿಲೇಬಿ. ಹಾವಿನಂತಹ ತಲೆಯ ಕುಚ್ಚು ಮೀನು. ಇವುಗಳಲ್ಲಿ ಕಾಟ್ಲವು ನೀರಿನ ಮೇಲ್ಪದರದಲ್ಲಿಯೂ, ರೋಹು ನಡುವೆಯೂ, ಮೃಗಾಲ್ ಮತ್ತು ಗೆಂಡೆ ತಳದ ಕೆಸರಿನಲ್ಲಿಯೂ ಮೇಯುತ್ತವೆ.

ಮೊದಲು ದಡವನ್ನು ನೋಡಬೇಕು. ಕೆರೆಯ ಏರಿಯ ಮೇಲೆ ನಿಂತವನಿಗೆ ಕಾಲ ಬುಡದಲ್ಲಿಯೇ ಕಲ್ಲುಕಟ್ಟಡ, ಅದರ ಕೆಳಗೆ ಆಳವಾದ ನೀರು. ದೂರ ಎಸೆಯುವ ಅಗತ್ಯ ಅಲ್ಲಿ ಕಡಿಮೆ. ದಾರವು ಕಲ್ಲಿಗೆ ತಾಗದಂತೆ ಎತ್ತಿ ಹಿಡಿಯುವ ಅಗತ್ಯ ಹೆಚ್ಚು. ಎಂಟೊಂಬತ್ತು ಅಡಿಯ ಕೋಲು ಅಲ್ಲಿಗೆ ಸರಿ. ಜಲಾಶಯದ ದಡ ಬೇರೆ ಬಗೆಯದು. ಬೇಸಗೆಯಲ್ಲಿ ನೀರು ಹಿಂದೆ ಸರಿದು, ನಡುವೆ ಇಳಿಜಾರಾದ ಕೆಸರು ಬಯಲಾಗುತ್ತದೆ. ಮುಂದಿನ ನೀರು ಬಹುದೂರ ಮೊಣಕಾಲುದ್ದವೇ ಇರುತ್ತದೆ. ಆಳ ನೀರಿಗೆ ಎರೆಯನ್ನು ಮುಟ್ಟಿಸಬೇಕಾದರೆ ಹತ್ತರಿಂದ ಹನ್ನೆರಡು ಅಡಿಯ ಕೋಲು ಬೇಕಾದೀತು. ಕೆರೆಯ ಅಂಗಳದಲ್ಲಿ ಜಾಲಿ, ಹೊಂಗೆಗಳು ನೀರಿನವರೆಗೂ ಬಾಗಿರುವ ಕಡೆ ಉದ್ದನೆಯ ಕೋಲನ್ನು ಬೀಸಿದರೆ ಮೀನಿಗಿಂತ ಮೊದಲು ಮರವೇ ಸಿಕ್ಕುತ್ತದೆ. ಅಲ್ಲಿಗೆ ಆರೇಳು ಅಡಿ ಸಾಕು. ಹೀಗಿರುವಾಗ ‘ಒಳ್ಳೆಯ ಕೋಲು ಯಾವುದು’ ಎಂಬ ಪ್ರಶ್ನೆಗೆ, ‘ತಾವು ಎಲ್ಲಿ ನಿಲ್ಲುವಿರಿ’ ಎಂಬ ಮರುಪ್ರಶ್ನೆಯೇ ಉತ್ತರ.

ದಡವಾದ ಮೇಲೆ ಕೈ. ಕೋಲು ಉದ್ದವಾದಷ್ಟೂ ಅದರ ತುದಿ ವೇಗವಾಗಿ ಬೀಸುತ್ತದೆ, ಗಾಳ ದೂರ ಹೋಗುತ್ತದೆ. ಇದನ್ನು ಎಲ್ಲರೂ ಬಲ್ಲರು. ಇದರ ಇನ್ನೊಂದು ಮುಖವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಏತದ ಮರವನ್ನು ಕಂಡವರಿಗೆ ಇದು ತಿಳಿಯುವುದು ಕಷ್ಟವಲ್ಲ: ಆಧಾರದಿಂದ ದೂರವಿರುವ ತುದಿಯನ್ನು ಹಿಡಿದವನಿಗೆ ಬಲ ಹೆಚ್ಚು. ಗಾಳದ ಕೋಲಿನಲ್ಲಿ ಆ ದೂರದ ತುದಿಯನ್ನು ಹಿಡಿದಿರುವುದು ಮೀನು. ಹತ್ತಿರದ ತುದಿಯನ್ನು ಹಿಡಿದಿರುವವರು ನಾವು. ಕೋಲು ಉದ್ದವಾದಷ್ಟೂ ಮಣಿಕಟ್ಟಿನ ಮೇಲೆ ಬೀಳುವ ಭಾರ ಬೆಳೆಯುತ್ತದೆ.

ಈ ಮಾತಿನ ಬೆಲೆಯನ್ನು ನಮ್ಮ ಸೋದರಮಾವನವರಿಂದ ತಿಳಿದೆವು. ಅವರು ಅರಸೀಕೆರೆಯಲ್ಲಿ ರೈಲ್ವೆ ನೌಕರಿಯಿಂದ ನಿವೃತ್ತರಾದವರು. ಭಾನುವಾರ ಬಂದರೆ ಹತ್ತಡಿಯ ಕೋಲನ್ನು ಹೆಗಲಿಗೇರಿಸಿ ಕೆರೆಯ ಕಡೆಗೆ ಹೊರಡುವರು. ಪಾರ್ಶ್ವವಾಯು ಬಡಿದು ಅವರ ಬಲಗೈಯ ಹಿಡಿತ ಕುಗ್ಗಿತು. ನಡಿಗೆ ಮರಳಿತು, ಮಾತೂ ಮರಳಿತು. ಕೈ ಮಾತ್ರ ಪೂರ್ತಿ ಮರಳಲಿಲ್ಲ. ಒಂದು ದಿನ ಕೋಲನ್ನೆತ್ತಿ ನೋಡಿ, ಮಾತಾಡದೆ ಕೆಳಗಿಟ್ಟರು. ಆಮೇಲೆ ಕೆರೆಯ ಮಾತನ್ನು ಯಾರು ತೆಗೆದರೂ ಎದ್ದು ಒಳಗೆ ಹೋಗುವರು. ಜಗುಲಿಯ ಮೇಲೆ ಗೋಡೆಗೆ ಮುಖಮಾಡಿ ಕುಳಿತಿರುವುದೇ ಅವರ ದಿನಚರಿಯಾಯಿತು. ಕೋಲನ್ನು ಕಣ್ಣಿಗೆ ಕಾಣದಂತೆ ಅಟ್ಟಕ್ಕೆ ಹಾಕೋಣವೆಂದು ನಾವು ಸೂಚಿಸಿದಾಗ ಅತ್ತೆಯವರು, “ಕೋಲನ್ನು ಅಟ್ಟಕ್ಕೆ ಹಾಕಬಹುದಪ್ಪ, ಇವರನ್ನು ಎಲ್ಲಿ ಹಾಕಲಿ?” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹೊಸ ಕೋಲನ್ನು ನೋಡಲು ಅವರನ್ನು ಒಪ್ಪಿಸುವುದಕ್ಕೆ ಒಂದು ತಿಂಗಳು ಹಿಡಿಯಿತು. ಕಡೆಗೆ ನಮಗೆ ಕೊಳ್ಳಬೇಕಾಗಿದೆಯೆಂದು ಹೇಳಿ ಸಲಹೆಗಾಗಿ ಕರೆದೊಯ್ದೆವು. ಅಂಗಡಿಯಲ್ಲಿ ನಾಲ್ಕಾರು ಕೋಲುಗಳನ್ನು ಒಂದೊಂದಾಗಿ ಎಡಗೈಗೆ ಕೊಟ್ಟೆವು. ಗಾಜಿನ ನಾರಿನ ಕೋಲು ಗಟ್ಟಿ, ಪೆಟ್ಟನ್ನು ತಾಳುತ್ತದೆ, ಬೆಲೆಯೂ ಕಡಿಮೆ. ಆದರೆ ತೂಕ ಹೆಚ್ಚು. ಇಂಗಾಲದ ನಾರಿನದು ಹಗುರ, ಮೀನು ಮುಟ್ಟಿದ್ದು ಕೂಡಲೇ ಕೈಗೆ ತಿಳಿಯುತ್ತದೆ; ಆದರೆ ಕಲ್ಲಿಗೆ ಬಡಿದರೆ ಬಿರುಕು ಬಿಡುತ್ತದೆ. ಮಾವನವರ ಕೈಗೆ ಇಂಗಾಲದ ನಾರಿನ ಏಳು ಅಡಿಯ ಕೋಲು ಒಪ್ಪಿತು. ರೀಲಿನ ಹಿಡಿಯನ್ನು ಎಡದಿಂದ ಬಲಕ್ಕೆ ಬದಲಾಯಿಸಬಹುದೆಂದು ಅಂಗಡಿಯವನು ತೋರಿಸಿದನು. ಅಲ್ಲಿಗೆ ದಾರಿ ಕಂಡಿತು: ಕೋಲನ್ನು ಹಿಡಿಯುವುದು ಎಡಗೈ, ನಿಧಾನವಾಗಿ ಸುತ್ತುವುದು ಬಲಗೈ, ದಣಿದಾಗ ಕೋಲಿನ ಭಾರವನ್ನು ಹೊರಲು ನೆಲದಲ್ಲಿ ನೆಟ್ಟ ಒಂದು ಕವೆಗೋಲು.

ಮೊದಲ ದಿನ ಅವರ ಎಸೆತ ಹನ್ನೆರಡು ಗಜವನ್ನು ದಾಟಲಿಲ್ಲ. ನಾವು ಏನನ್ನೂ ಆಡದೆ ನಿಂತಿದ್ದೆವು. ಅವರೇ, “ಬೆಳಗಿನ ಹೊತ್ತು ಮೀನು ದಡಕ್ಕೇ ಮೇಯಲು ಬರುತ್ತದೆ. ಇಷ್ಟು ವರ್ಷ ಅದರ ತಲೆಯ ಮೇಲಿಂದ ಆಚೆಗೆ ಎಸೆಯುತ್ತಿದ್ದೆ” ಎಂದು ನಕ್ಕರು. ಅಂದು ಸಿಕ್ಕಿದ್ದು ಅಂಗೈಯಗಲದ ಎರಡು ಜಿಲೇಬಿ. ಅತ್ತೆಯವರು ಅವನ್ನು ಕಾಟ್ಲಕ್ಕೆ ಸಲ್ಲುವ ಮರ್ಯಾದೆಯಿಂದಲೇ ಒಳಗೆ ತೆಗೆದುಕೊಂಡು ಹೋದರು.

ಇನ್ನು ಅಂಗಡಿಯಲ್ಲಿ ನೋಡತಕ್ಕ ವಿಷಯಗಳನ್ನು ಸಂಗ್ರಹವಾಗಿ ಹೇಳುವೆವು. ಎಷ್ಟು ಭಾರವನ್ನು ಎಸೆಯಬಹುದೆಂಬುದನ್ನು ಕೋಲಿನ ಹಿಡಿಯ ಬಳಿ ಗ್ರಾಮುಗಳಲ್ಲಿ ಬರೆದಿರುತ್ತಾರೆ. ಸೀಸದ ಗುಂಡು, ಎರೆ ಎಲ್ಲವೂ ಸೇರಿ ಆ ಮಿತಿಯೊಳಗಿರಬೇಕು. ಬೆಂಡು ಕಟ್ಟಿ ಹಾಕುವವರಿಗೆ 10ರಿಂದ 30 ಗ್ರಾಮಿನ ಕೋಲು ಸಾಕು. ತಳದ ಗೆಂಡೆಗೆ ಭಾರವಾದ ಹಿಟ್ಟಿನುಂಡೆ ಎಸೆಯುವವರಿಗೆ ಅದಕ್ಕಿಂತ ಗಟ್ಟಿಯಾದುದು ಬೇಕು. ಕೋಲನ್ನು ಜೋಡಿಸಿ ಒಂದು ಕಣ್ಣು ಮುಚ್ಚಿ ನೋಡಿದರೆ ಅದು ನೆಟ್ಟಗಿರಬೇಕು, ಅಲುಗಿಸಿದರೆ ಕೀಲು ಟಕಟಕವೆನ್ನಬಾರದು. ದಾರ ಹಾಯುವ ಉಂಗುರಗಳೊಳಗೆ ಸ್ವಲ್ಪ ಹತ್ತಿಯನ್ನು ಆಡಿಸಿ ನೋಡಿರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಸಣ್ಣ ಬಿರುಕಿದೆ, ಆ ಬಿರುಕು ದಾರವನ್ನು ಕೊಯ್ಯುತ್ತದೆ. ರೀಲನ್ನು ತೊಡಿಸಿದ ಮೇಲೆಯೇ ಕೋಲನ್ನು ತೂಗಿ ನೋಡಬೇಕು. ಬರಿಯ ಕೋಲಿನ ಹಗುರವನ್ನು ನಂಬಬಾರದು. ಒಂದರೊಳಗೊಂದು ಸೇರುವ ಕೋಲು ಬಸ್ಸಿನ ಪ್ರಯಾಣಕ್ಕೆ ಅನುಕೂಲ. ಆದರೆ ಮರಳು ಹೊಕ್ಕರೆ ಸವೆಯುತ್ತದೆ, ಆದುದರಿಂದ ಪ್ರತಿ ಸಲವೂ ಒರೆಸಿ ಮಡಿಸಬೇಕು.

ಮಕ್ಕಳಿಗಾದರೋ ಬಿದಿರಿಗೆ ಸಮನಾದುದಿಲ್ಲ. ಚೆನ್ನಾಗಿ ಬಲಿತ, ತುದಿ ಸಣ್ಣಗಾದ ಗಳುವನ್ನು ನೆರಳಿನಲ್ಲಿ ಒಣಗಿಸಿ, ಡೊಂಕಿರುವ ಕಡೆ ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿ, ತುದಿಗೆ ಕೋಲಿನಷ್ಟೇ ಉದ್ದದ ದಾರವನ್ನು ಕಟ್ಟಿದರೆ ಕೆಲಸ ಮುಗಿಯಿತು. ರೀಲಿನ ತೊಡಕಿಲ್ಲ, ಮುರಿದರೆ ಅಳಬೇಕಾಗಿಲ್ಲ.

ಗೃಹಸ್ಥರು ಮರೆಯಬಾರದ ಮಾತೊಂದುಂಟು. ಇಂಗಾಲದ ನಾರಿನಲ್ಲಿ ವಿದ್ಯುತ್ತು ಹರಿಯುತ್ತದೆ. ಒದ್ದೆಯಾದ ಬಿದಿರೂ ನಂಬತಕ್ಕದ್ದಲ್ಲ. ದಡದ ಬಳಿ ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಕಡೆ ಕೋಲನ್ನು ಎತ್ತಲೇಬಾರದು. ಗುಡುಗು ಕೇಳಿಸಿದೊಡನೆ ಅದನ್ನು ನೆಲಕ್ಕೆ ಮಲಗಿಸಿ ದಡವನ್ನು ಬಿಡಬೇಕು. ತೂಬಿನ ಬಳಿ ಆಳ ಹೆಚ್ಚು, ಕೋಡಿಯ ಕಲ್ಲು ಜಾರುತ್ತದೆ. ಹುಡುಗರನ್ನು ಒಂಟಿಯಾಗಿ ಅಲ್ಲಿಗೆ ಕಳುಹಿಸುವುದು ಎಷ್ಟು ಮಾತ್ರಕ್ಕೂ ತರವಲ್ಲ.

ಕೆರೆಯ ಮೀನು ಸಾಮಾನ್ಯವಾಗಿ ಗುತ್ತಿಗೆ ಹಿಡಿದವರ ಅಥವಾ ಮೀನುಗಾರರ ಸಂಘದವರ ಜೀವನ. ಅವರನ್ನು ಕೇಳದೆ ಗಾಳ ಹಾಕುವುದು ಅನ್ಯರ ಹೊಲದಲ್ಲಿ ಕೊಯ್ದಂತೆ. ಹಳೇಬೀಡು ಬೇಲೂರುಗಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅವುಗಳ ಆಸುಪಾಸಿನ ನೀರಿನಲ್ಲಿ ಏನನ್ನು ಮಾಡಬಹುದು, ಏನನ್ನು ಮಾಡಬಾರದೆಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಮರಿಗಳು ಸಿಕ್ಕರೆ ಒದ್ದೆ ಕೈಯಿಂದ ಬಿಡಿಸಿ ನೀರಿಗೆ ಮರಳಿಸಬೇಕು. ತುಂಡಾದ ನೈಲಾನ್ ದಾರವನ್ನು ದಡದಲ್ಲಿ ಬಿಟ್ಟರೆ ಕೊಕ್ಕರೆಯ ಕಾಲಿಗೆ ಅದು ಉರುಳು. ಸುತ್ತಿ ಮನೆಗೆ ತರಬೇಕು.

ಇಷ್ಟನ್ನು ಅರಿತವನಿಗೆ ಕೋಲಿನ ಆಯ್ಕೆ ಕಠಿನವಲ್ಲ. ದಡಕ್ಕೆ ಎಷ್ಟು ಬೇಕೋ ಅಷ್ಟು ಉದ್ದ, ಕೈಗೆ ಎಷ್ಟು ತಡೆಯುವುದೋ ಅಷ್ಟು ತೂಕ. ಇವೆರಡರ ನಡುವೆ ಜಗಳ ಬಂದರೆ ಕೈಯ ಪಕ್ಷವನ್ನೇ ವಹಿಸಿರಿ. ದಡವನ್ನು ಬೇರೆ ಹುಡುಕಿಕೊಳ್ಳಬಹುದು. ಕೈಯನ್ನು ಬೇರೆ ಹುಡುಕಿಕೊಳ್ಳಲಾಗದು.