ಅಜ್ಜಿಗೂ ಸೈ ಎನಿಸಿದ ನೀರದಾರಿ

ಮಕ್ಕಳೇ, ಮೊದಲು ಒಂದು ಲೆಕ್ಕ. ಕಾಡಿನ ಒಂದು ಕಾಲುದಾರಿಯ ಉದ್ದ 2,180 ಮೀಟರ್. ನಿಮ್ಮ ಬಳಿ ಎರಡು ಹೊರೆಗಳಿವೆ. ಒಮ್ಮೆಗೆ ಒಂದನ್ನಷ್ಟೇ ಹೊರಬಹುದು. ಎರಡನ್ನೂ ಆಚೆ ತುದಿಗೆ ಮುಟ್ಟಿಸಲು ಒಟ್ಟು ಎಷ್ಟು ನಡೆಯಬೇಕು?

4,360 ಎಂದಿರಾ? ನಾನೂ ಹಾಗೇ ಹೇಳಿ ಎಂಟು ವರ್ಷದ ಮೊಮ್ಮಗಳಿಂದ ನಗಿಸಿಕೊಂಡೆ. "ಅಜ್ಜಾ, ಎರಡನೇ ಹೊರೆ ತರೋಕೆ ಬರಿಗೈಲಿ ವಾಪಸ್ ಬರಬೇಕಲ್ಲ!" ಹೌದು, ಮೂರು ಸಲ ನಡೆಯಬೇಕು. ಒಟ್ಟು 6,540 ಮೀಟರ್. ಅಂದರೆ ಆರೂವರೆ ಕಿಲೋಮೀಟರ್!

ಈ ಲೆಕ್ಕ ಹುಟ್ಟಿದ್ದು ಕೆನಡಾದ ಟೊರಾಂಟೊದಲ್ಲಿ, ಮಗಳ ಮನೆಯ ಊಟದ ಮೇಜಿನ ಮೇಲೆ. ಬೇಸಿಗೆ ರಜೆ ಮುಗಿಯುವ ಮೊದಲು ಎಲ್ಲರೂ ಸೇರಿ ಆಲ್ಗಾನ್‌ಕ್ವಿನ್ ಉದ್ಯಾನಕ್ಕೆ ಕನೂ ಪ್ರವಾಸ ಹೋಗುವುದೆಂದು ಮಾತಾಗಿತ್ತು. ಕನೂ ಎಂದರೆ ಎರಡೂ ತುದಿ ಚೂಪಾದ, ಹುಟ್ಟು ಹಾಕಿ ನಡೆಸುವ ಉದ್ದನೆಯ ಹಗುರ ದೋಣಿ. ಹದಿನಾಲ್ಕು ವರ್ಷದ ಮೊಮ್ಮಗ ಆಗಲೇ ನಕ್ಷೆ ಹರಡಿ ದೊಡ್ಡದೊಂದು ಸುತ್ತು ಗುರುತು ಹಾಕಿದ್ದ. ಉದ್ಯಾನದ ಅತಿ ದೊಡ್ಡ ಸರೋವರ ಒಪಿಯಾಂಗೊ ದಾಟಿ, ಅಲ್ಲಿಂದ ಹ್ಯಾಪಿ ಐಲ್ ಎಂಬ ಸರೋವರಕ್ಕೆ ಹೋಗುವುದು ಅವನ ಆಸೆ. ಆ ಎರಡು ಸರೋವರಗಳ ನಡುವಿನ ಕಾಡುದಾರಿಯೇ ಮೇಲಿನ 2,180 ಮೀಟರ್.

"ನೀವು ಹೋಗಿ ಬನ್ನಿ. ಇವಳ ಮಂಡಿ ನೋವು ನಿಮಗೇ ಗೊತ್ತಲ್ಲ. ನಾವಿಬ್ಬರು ಮನೇಲಿರ್ತೀವಿ" ಎಂದೆ. ನನ್ನಾಕೆ ಏನೂ ಹೇಳಲಿಲ್ಲ. ಎದ್ದು ಪಾತ್ರೆ ತೊಳೆಯಲು ಹೋದಳು. ಮಗಳು ಅದನ್ನು ಗಮನಿಸಿದಳು.

ಅವಳ ಅಮ್ಮ ಹುಟ್ಟಿದ್ದು ಶರಾವತಿಯ ದಂಡೆಯಲ್ಲಿ. ಲಿಂಗನಮಕ್ಕಿಯ ಹಿನ್ನೀರು ಏರಿದ ಮೇಲೆ ದೋಣಿಯಲ್ಲೇ ಶಾಲೆಗೆ ಹೋಗಿಬಂದವಳು. ನನಗೋ ಹೊಳೆ ಎಂದರೆ ಹಂಪಿಯಲ್ಲಿ ಒಮ್ಮೆ ಹರಿಗೋಲಿನಲ್ಲಿ ಕೂತು ತಲೆ ತಿರುಗಿದ ನೆನಪು, ಅಷ್ಟೆ. ನಮ್ಮಿಬ್ಬರಲ್ಲಿ ನೀರಿಗೆ ಹತ್ತಿರದವಳು ಅವಳು. ಆದರೆ ಮನೆಯಲ್ಲಿರುತ್ತಾಳೆಂದು ಅವಳ ಪರವಾಗಿ ಹೇಳಿದವನು ನಾನು!

"ದಾರಿ ಆರಿಸಿ ಆದ ಮೇಲೆ ಯಾರು ಬರ್ತಾರೆ ಅಂತ ಕೇಳೋದಲ್ಲ. ಯಾರ್ಯಾರು ಬರ್ತಾರೆ ಅಂತ ಮೊದಲು ಬರೆದು, ಆಮೇಲೆ ದಾರಿ ಹುಡುಕೋಣ" ಎಂದಳು ಮಗಳು. ಕಾಗದದ ಮೇಲೆ ಮೊದಲು ಅಜ್ಜಿಯ ಮಂಡಿ, ಎರಡನೆಯದಾಗಿ ಪುಟ್ಟಿಯ ಎಂಟು ವರ್ಷ ಬರೆದಳು. ಮೊಮ್ಮಗನ ಮುಖ ಸಪ್ಪಗಾಯಿತು.

ಆಲ್ಗಾನ್‌ಕ್ವಿನ್ ಬಗ್ಗೆ ಒಂದೆರಡು ಮಾತು. 1893ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ವಿಸ್ತೀರ್ಣ ಏಳು ಸಾವಿರದ ಆರುನೂರು ಚದರ ಕಿಲೋಮೀಟರಿಗೂ ಹೆಚ್ಚು. ನಮ್ಮ ಶಿವಮೊಗ್ಗ ಜಿಲ್ಲೆಗಿಂತ ತುಸು ಚಿಕ್ಕದು. ಒಳಗೆ ಎರಡು ಸಾವಿರಕ್ಕೂ ಹೆಚ್ಚು ಸರೋವರಗಳಿವೆ. ಉದ್ಯಾನಕ್ಕೆ ಈ ಹೆಸರು ಬಂದದ್ದು ಆ ಸೀಮೆಯ ಮೂಲನಿವಾಸಿಗಳಾದ ಆಲ್ಗಾನ್‌ಕ್ವಿನ್ ಜನರಿಂದ. ಬರ್ಚ್ ಮರದ ತೊಗಟೆಯನ್ನು ಸೀಡರ್ ಪಟ್ಟಿಗಳಿಗೆ ಹೊದಿಸಿ, ಸ್ಪ್ರೂಸ್ ಮರದ ಬೇರಿನಿಂದ ಹೊಲಿದು, ಅದರದೇ ಅಂಟು ಬಳಿದು ಅವರು ಕನೂ ಕಟ್ಟುತ್ತಿದ್ದರು. ದೋಣಿ ಹಗುರವಾದ್ದರಿಂದ ಒಂದು ಸರೋವರ ಮುಗಿದರೆ ಹೆಗಲಿಗೇರಿಸಿಕೊಂಡು ಮುಂದಿನದಕ್ಕೆ ನಡೆದುಬಿಡುತ್ತಿದ್ದರು. ಹಾಗೆ ಹೊತ್ತು ದಾಟುವ ದಾರಿಗೆ ಪೋರ್ಟೇಜ್ ಎಂದು ಹೆಸರು. ಇಂದು ಪ್ರತಿ ಪೋರ್ಟೇಜಿನ ಬಾಯಲ್ಲೂ ಹಳದಿ ಫಲಕವಿದೆ. ಅದರಲ್ಲಿ ದೂರ ಮೀಟರಿನಲ್ಲಿರುತ್ತದೆ.

ಹೀಗಾಗಿ ನಾವು ಮೊದಲು ನೋಡಿದ್ದು ಹೊರುವ ದೂರವನ್ನು. ನಕ್ಷೆಯಲ್ಲಿ ಮಗಳ ಬೆರಳು ಕನೂ ಲೇಕ್ ಎಂಬ ಸರೋವರದ ಮೇಲೆ ನಿಂತಿತು. ಅಲ್ಲಿಂದ ಉತ್ತರಕ್ಕೆ ಹೋದರೆ ಒಂದು ಸಣ್ಣ ಅಣೆಕಟ್ಟು. ಅದನ್ನು ಬಳಸಿ ಜೋ ಲೇಕ್ ಸೇರಲು ಇರುವ ಪೋರ್ಟೇಜ್ 295 ಮೀಟರ್. ಮೂರು ಸಲ ನಡೆದರೂ 885 ಮೀಟರ್. "ಇದು ನಾನು ದಿನಾ ದೇವಸ್ಥಾನಕ್ಕೆ ಹೋಗೋ ದಾರಿಗಿಂತ ಕಮ್ಮಿ" ಎಂಬ ಮಾತು ಅಡುಗೆಮನೆಯಿಂದ ಬಂತು.

ಎರಡನೆಯದಾಗಿ ನೋಡಿದ್ದು ಗಾಳಿ. ಸರೋವರ ದೊಡ್ಡದಾದಷ್ಟೂ ಗಾಳಿಗೆ ಓಡಲು ಜಾಗ ಹೆಚ್ಚು, ಅಲೆಯೂ ಎತ್ತರ. ಒಪಿಯಾಂಗೊ ಸುಂದರವಾಗಿದ್ದರೂ ಬಟ್ಟಬಯಲು. ಜೋ ಲೇಕ್ ಚಿಕ್ಕದು. ದಡ ಯಾವಾಗಲೂ ಕಣ್ಣಿಗೆ ಕಾಣುತ್ತದೆ. ಮೂರನೆಯದು ಹಿಂತಿರುಗುವ ದಾರಿ. ಯಾರಿಗಾದರೂ ಹುಷಾರಿಲ್ಲವೆಂದರೆ ಅರ್ಧ ದಿನದೊಳಗೆ ಕಾರು ಮುಟ್ಟಬೇಕು. ನಾಲ್ಕನೆಯದು ಕಾಲ. ಮೇ, ಜೂನ್‌ನಲ್ಲಿ ಕಪ್ಪು ನೊಣ, ಸೊಳ್ಳೆಗಳ ಕಾಟ ಜಾಸ್ತಿ. ಆಗಸ್ಟ್ ಕೊನೆಗೆ ಅದು ಇಳಿದಿರುತ್ತದೆ, ನೀರೂ ಬೆಚ್ಚಗಿರುತ್ತದೆ.

ಕೊನೆಗೆ ಮಗಳು ಇನ್ನೊಂದು ಉಪಾಯ ಮಾಡಿದಳು. ದಿನಕ್ಕೊಂದು ಕಡೆ ಡೇರೆ ಕೀಳುವುದು ಬೇಡ; ಜೋ ಲೇಕ್‌ನಲ್ಲೇ ಎರಡು ರಾತ್ರಿ. ನಡುವಿನ ದಿನ ಬೇಕಾದವರು ದೂರ ಹೋಗಬಹುದು, ಬೇಡದವರು ದಡದಲ್ಲಿ ಕಾಲು ಚಾಚಬಹುದು.

ಟೊರಾಂಟೊದಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ಹಾದಿ. ಹಿಂದಿನ ಸಂಜೆಯೇ ಹೋಗಿ ಹತ್ತಿರ ತಂಗಿದ್ದು, ಬೆಳಗ್ಗೆ ಎಂಟಕ್ಕೆ ನೀರಿಗಿಳಿದೆವು. ಬಾಡಿಗೆಯ ಎರಡು ಕನೂ, ಒಂದೊಂದರಲ್ಲಿ ಮೂವರು. ಹಿಂದೆ ದಿಕ್ಕು ಹಿಡಿಯುವವರು ಮಗಳು ಮತ್ತು ಅಳಿಯ. ಅಜ್ಜಿ, ಮೊಮ್ಮಗಳು ನಡುವಿನ ಜಾಗದ ರಾಣಿಯರು. ಎಲ್ಲರ ಮೈಮೇಲೂ ಲೈಫ್ ಜಾಕೆಟ್. ಈಜು ಬಲ್ಲೆ ಎಂಬ ನೆಪ ಯಾರಿಗೂ ನಡೆಯಲಿಲ್ಲ. ಕಾಡಿನೊಳಗೆ ಡಬ್ಬಿ, ಗಾಜಿನ ಬಾಟಲಿ ಒಯ್ಯುವಂತಿಲ್ಲವೆಂಬ ನಿಯಮವಿದೆ. ಹಾಗಾಗಿ ಅಪ್ಪೆಮಿಡಿ ಉಪ್ಪಿನಕಾಯಿ ಗಾಜಿನ ಭರಣಿಯಿಂದ ಪ್ಲಾಸ್ಟಿಕ್ ಡಬ್ಬಕ್ಕೆ ಇಳಿದಿತ್ತು.

ಕನೂ ಲೇಕ್‌ನ ದಡದಲ್ಲಿ ಟಾಮ್ ಥಾಮ್ಸನ್ ಎಂಬ ಚಿತ್ರಕಾರನ ಸ್ಮಾರಕವಿದೆ. ಈ ಕಾಡು, ಸರೋವರಗಳನ್ನು ಬರೆದು ಕೆನಡಾದಲ್ಲಿ ಮನೆಮಾತಾದವನು. 1917ರ ಜುಲೈಯಲ್ಲಿ ಇದೇ ಸರೋವರದಲ್ಲಿ ಕನೂ ಹತ್ತಿ ಹೋದವನು ಜೀವಂತ ಮರಳಲಿಲ್ಲ. ಎಂಟು ದಿನಗಳ ನಂತರ ದೇಹ ಸಿಕ್ಕಿತು. ಆಗ ಅವನಿಗೆ 39 ವರ್ಷ. ಹೇಗೆ ಸತ್ತನೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅಳಿಯ ಇದನ್ನು ಹೇಳಿದಾಗ ಮೊಮ್ಮಗಳು ಜಾಕೆಟ್ಟಿನ ಬಕಲ್ ಮತ್ತೊಮ್ಮೆ ಮುಟ್ಟಿ ನೋಡಿಕೊಂಡಳು.

ಪೋರ್ಟೇಜಿನಲ್ಲಿ ಅಳಿಯ ಕನೂವನ್ನು ತಲೆಕೆಳಗಾಗಿ ಹೆಗಲಿಗೇರಿಸಿ ನಡೆದ. ಹಿಂದಿನಿಂದ ನೋಡಿದರೆ ಎರಡು ಕಾಲಿನ ಆಮೆ! ಅಜ್ಜಿ ಒಂದು ಕೈಯಲ್ಲಿ ಹುಟ್ಟು ಊರುಗೋಲಾಗಿ ಹಿಡಿದು, ಇನ್ನೊಂದರಲ್ಲಿ ಉಪ್ಪಿನಕಾಯಿ ಡಬ್ಬ ಹಿಡಿದು ನಿಧಾನವಾಗಿ ದಾಟಿದಳು. ಯಾರೂ ಅವಸರ ಮಾಡಲಿಲ್ಲ.

ಜೋ ಲೇಕ್‌ನಲ್ಲಿ ಕಿತ್ತಳೆ ಬಣ್ಣದ ಫಲಕವಿದ್ದ ಕಡೆ ಡೇರೆ ಹಾಕಿದೆವು. ಆ ಬಣ್ಣ ಕಂಡರೆ ಅದು ತಂಗುವ ಜಾಗವೆಂದು ಅರ್ಥ. ಸರೋವರದ ನೀರು ಕುದಿಸಿ ಕುಡಿದೆವು. ಕರಡಿಗಳಿರುವ ಕಾಡಾದ್ದರಿಂದ ರಾತ್ರಿ ಊಟದ ಚೀಲವನ್ನು ಡೇರೆಯಿಂದ ದೂರದ ಮರದ ಮೇಲೆ ತೂಗುಹಾಕಿದೆವು.

ಮಾರನೆಯ ದಿನ ಟೀಪೀ ಲೇಕ್ ದಾಟಿ ಲಿಟಲ್ ಆಕ್ಸ್‌ಟಂಗ್ ಎಂಬ ಸಣ್ಣ ನದಿಗೆ ಹೊರಳಿದೆವು. ಎರಡೂ ಕಡೆ ಜೊಂಡು, ನೈದಿಲೆ. ಆದರೆ ಒಂದು ತಿರುವಿನಲ್ಲಿ ಬೀವರ್ ಪ್ರಾಣಿ ಕಡ್ಡಿ, ಕೆಸರು ಪೇರಿಸಿ ಅಡ್ಡಗಟ್ಟೆ ಕಟ್ಟಿತ್ತು. ಇಳಿದು ದೋಣಿ ಎಳೆಯಬೇಕು. ಅಜ್ಜಿಯ ಮಂಡಿಗೆ ಅದು ಆಗದ ಕೆಲಸ. ಮೊಮ್ಮಗ ಹುಟ್ಟನ್ನು ದಡಾರನೆ ಒಳಗಿಟ್ಟ. "ಗೊತ್ತಿತ್ತು ನಂಗೆ" ಎಂದ.

"ನೀನೂ ನಿನ್ನಪ್ಪನೂ ಹೋಗಿ ಬನ್ನಿ. ಏನೇನು ನೋಡಿದೆ ಅಂತ ಬಂದು ನಂಗೆ ಹೇಳು" ಎಂದಳು ಅಜ್ಜಿ. ಒಂದು ಕನೂವಿನ ಸಾಮಾನು ಇಳಿಸಿ, ಮೂರು ಗಂಟೆಗೆ ಹಿಂದಿರುಗಬೇಕೆಂಬ ಕರಾರಿನ ಮೇಲೆ ಅವರಿಬ್ಬರು ಗಟ್ಟೆ ದಾಟಿದರು. ನಾವು ನಾಲ್ವರು ಇನ್ನೊಂದರಲ್ಲಿ ನಿಧಾನಕ್ಕೆ ಹಿಂದಿನ ತಿರುವಿಗೆ ಬಂದು ಬಂಡೆಯ ಮೇಲೆ ಅವಲಕ್ಕಿ ತಿಂದೆವು. ಹುಡುಗ ಮೂರಕ್ಕೆ ಹತ್ತು ನಿಮಿಷವಿರುವಾಗಲೇ ಬಂದ. ಫಾನ್, ಲಿಟಲ್‌ಡೋ ದಾಟಿ ಆ ಚಿತ್ರಕಾರನ ಹೆಸರಿನ ಸರೋವರ ಮುಟ್ಟಿದ್ದನಂತೆ. ನೀರಲ್ಲಿ ನಿಂತ ಒಂದು ಮೂಸ್ ಕೂಡ ಕಂಡಿತ್ತಂತೆ. ರಾತ್ರಿಯಿಡೀ ಅಜ್ಜಿಗೆ ಅದೇ ಕಥೆ. ನಡುನಡುವೆ ಲೂನ್ ಹಕ್ಕಿಯ ಕೂಗು, ಯಾರೋ ದೂರದಿಂದ ಹೆಸರು ಹಿಡಿದು ಕರೆದ ಹಾಗೆ. ಕೆನಡಾದ ಒಂದು ಡಾಲರ್ ನಾಣ್ಯದ ಮೇಲೆ 1987ರಿಂದ ಇರುವುದು ಇದೇ ಹಕ್ಕಿ.

ಮೂರನೆಯ ದಿನ ಡೇರೆ ಮಡಚುವಾಗ ತಡವಾಯಿತು. ಅಣೆಕಟ್ಟು ದಾಟಿ ಕನೂ ಲೇಕ್‌ನ ದಡಕ್ಕೆ ಬಂದಾಗ ಹನ್ನೊಂದು ದಾಟಿತ್ತು. ಸರೋವರದ ನಡುವೆ ಬಿಳಿ ನೊರೆ ಏಳುತ್ತಿತ್ತು. ಗಾಳಿ ನೇರ ನಮ್ಮ ಎದುರಿಗೆ. ಕಾರು ಇದ್ದದ್ದು ಮೂರು ಕಿಲೋಮೀಟರಿಗೂ ತುಸು ಹೆಚ್ಚು ದೂರದಲ್ಲಿ. ಯುವಕರ ಒಂದು ಗುಂಪು ನಮ್ಮೆದುರೇ ಹುಟ್ಟು ಹಾಕುತ್ತ ಹೊರಟುಹೋಯಿತು. ಅಳಿಯನಿಗೆ ಮರುದಿನ ಕೆಲಸವಿತ್ತು. "ದಡದ ಪಕ್ಕದಲ್ಲೇ ಹೋದರೆ ಹೋಗಬಹುದೇನೋ" ಎಂದ.

ಅಜ್ಜಿ ನೀರನ್ನೇ ನೋಡುತ್ತಿದ್ದಳು. ಅವಳು ಬಾಯಿ ತೆರೆಯುವ ಮೊದಲು ಮೊಮ್ಮಗ ಹೇಳಿದ: "ಬೇಡಪ್ಪಾ. ಅವರು ಎರಡೆರಡು ಜನ. ನಾವು ಮೂರು ಮೂರು ಜನ, ಜೊತೆಗೆ ಸಾಮಾನು. ದೋಣಿ ಕೆಳಗೆ ಕೂತಿದೆ. ತಂಗಿ ನಡುವೆ ಇದ್ದಾಳೆ. ಕಾಯೋಣ."

ಕಾದೆವು. ಮೊಮ್ಮಗಳು ಅಜ್ಜಿಗೆ ಇಸ್ಪೀಟಿನಲ್ಲಿ ಮೋಸ ಮಾಡಿ ಸಿಕ್ಕಿಬಿದ್ದಳು. ಉಳಿದ ಅವಲಕ್ಕಿಯೂ ಮುಗಿಯಿತು. ಗಂಟೆಗೊಮ್ಮೆ ಹುಡುಗ ಬಂದು "ಅಜ್ಜಿ, ಈಗ?" ಎನ್ನುವನು. "ನೀನೇ ನೋಡು, ಬಿಳಿ ಕಾಣ್ತದಾ?" ಎನ್ನುವಳು. "ಕಾಣ್ತದೆ." "ಹಾಗಾದ್ರೆ ಕೂತ್ಕೋ." ಸಂಜೆ ಆರರ ಹೊತ್ತಿಗೆ ಅವನೇ ಬಂದು "ಬಿಳಿ ಹೋಯ್ತು" ಎಂದ. ಎಲ್ಲರೂ ಎದ್ದೆವು. ಕತ್ತಲಾಗುವ ಮೊದಲೇ ಕಾರು ಸೇರಿದೆವು.

ಇವತ್ತಿಗೂ ಮಗಳ ಮನೆಯ ಗೋಡೆಯ ಮೇಲೆ ಆ ನಕ್ಷೆ ಇದೆ. ಮೊಮ್ಮಗ ಅದರಲ್ಲಿ ಹೊಸ ದಾರಿಗಳನ್ನು ಗುರುತು ಹಾಕುತ್ತಿರುತ್ತಾನೆ. ಪಕ್ಕದಲ್ಲಿ ಪೋರ್ಟೇಜಿನ ಮೀಟರು, ಅದನ್ನು ಮೂರರಿಂದ ಗುಣಿಸಿದ ಲೆಕ್ಕ. ಮೊನ್ನೆ ವಿಡಿಯೊ ಕರೆಯಲ್ಲಿ ಒಂದನ್ನು ತೋರಿಸಿ, "ಅಜ್ಜಿ, ಇದು ಆಗುತ್ತಾ ನೋಡು" ಎಂದ. ಅವಳು ಕನ್ನಡಕ ತರಲು ಒಳಗೆ ಹೋದಳು.