ಎರಡನೇ ಸಾಲಿಗೆ ಇಳಿದ ಪ್ರಾಂಪ್ಟ್

ಅರಿಸಿನ ಬೇಯಿಸುವ ಕಾಲ. ಭೀಮನಬೀಡಿನ ಹೊಲದಲ್ಲಿ ಕೊಪ್ಪರಿಗೆ ಕೆಳಗೆ ಬೆಂಕಿ ಹತ್ತಿತ್ತು. ಮೈಸೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದ.

"ಮಾವ, ಕೀಬೋರ್ಡು ಕೆಟ್ಟೋಗದೆ ಕನ" ಅಂದ.

ಇಣುಕಿ ನೋಡಿದೆ. ಲಿನಕ್ಸ್ ಟರ್ಮಿನಲ್ಲು. ಆಜ್ಞೆಗೆ ಕಾಯುತ್ತಾ ಸಾಲಿನ ಮೊದಲಲ್ಲಿ ನಿಲ್ಲುವ ಪ್ರಾಂಪ್ಟಿನಲ್ಲಿ ಹಸಿರು ಬಣ್ಣದಲ್ಲಿ 'ಭೀಮನಬೀಡು' ಅಂತ ಊರ ಹೆಸರು! ನನಗೆ ಎದೆಯುಬ್ಬಿತು. ಆದರೆ ಉದ್ದದ ಆಜ್ಞೆ ಟೈಪಿಸಿದರೆ ಅದು ಕೆಳಗಿನ ಸಾಲಿಗೆ ಇಳಿಯದೆ, ಬದು ಮುಟ್ಟಿದ ನೇಗಿಲು ಉತ್ತ ಸಾಲಿಗೇ ತಿರುಗಿ ಬಿದ್ದಂತೆ, ಮೊದಲು ಬರೆದದ್ದರ ಮೇಲೇ ಬರೆಯುತ್ತಿತ್ತು. ಮೇಲಿನ ಬಾಣ ಒತ್ತಿ ಹಳೆಯ ಆಜ್ಞೆ ಕರೆದರೆ ಹಿಂದಿನದರ ಬಾಲ ಪರದೆಯಲ್ಲೇ ಉಳಿಯುತ್ತಿತ್ತು, ಎಷ್ಟು ಅಳಿಸಿದರೂ ಹೋಗದು. ಕಾಣುವುದೊಂದು, ಎಂಟರ್ ಒತ್ತಿದರೆ ನಡೆಯುವುದೊಂದು. ಕಡತ ಅಳಿಸುವ ಆಜ್ಞೆಯಲ್ಲಿ ಹೀಗಾದರೆ ಬರೆದಿಟ್ಟದ್ದೆಲ್ಲ ಹೋಗಬಹುದು.

"ನೋಆರ್‌ಸಿ ಅಂತ ಕೊಟ್ಟು ಬರೀ ಬ್ಯಾಶ್ ತೆಗಿಲಾ" ಅಂದೆ. ಅವನ ಅಲಂಕಾರವಿಲ್ಲದ ಬ್ಯಾಶ್ ಬಂತು. ಅಲ್ಲಿ ಎಲ್ಲ ಸರಿ. ಕೀಬೋರ್ಡಿನ ಅನುಮಾನ ಅಲ್ಲಿಗೆ ತೀರಿತು. ಉಳಿದದ್ದು ಪಿಎಸ್1, ಅಂದರೆ ಪ್ರಾಂಪ್ಟನ್ನು ಹೇಳುವ ಸಾಲು.

ಟರ್ಮಿನಲ್ಲಿನಲ್ಲಿ ನಾವು ಕೊಟ್ಟ ಆಜ್ಞೆ ನಡೆಸುವ ಬ್ಯಾಶನ್ನು ಬರೆದವರು ಬ್ರಯಾನ್ ಫಾಕ್ಸ್; ಅದು 1989ರಲ್ಲಿ ಹೊರಬಂತು. ಆಮೇಲೆ ಅದನ್ನು ವರ್ಷಾನುಗಟ್ಟಲೆ ಕಾಪಾಡಿಕೊಂಡು ಬಂದವರು ಚೆಟ್ ರೇಮಿ. ಅದರೊಳಗೆ ನಾವು ಟೈಪಿಸುವ ಸಾಲನ್ನು ತಿದ್ದಲು ಬಿಡುವುದು ರೀಡ್‌ಲೈನ್. ಸಾಲು ಎಲ್ಲಿ ಮುರಿಯಬೇಕೆಂದು ತಿಳಿಯಲು ಅದು ಪ್ರಾಂಪ್ಟಿನ ಅಗಲವನ್ನು ಎಣಿಸುತ್ತದೆ. ದಪ್ಪ ಹಸಿರು ತರುವ ಸಂಕೇತಕ್ಕೆ 7 ಅಕ್ಷರ, ಬಣ್ಣ ನಿಲ್ಲಿಸುವುದಕ್ಕೆ 4. ಈ 11 ಪರದೆಯಲ್ಲಿ ಕಾಣುವುದೇ ಇಲ್ಲ, ಆದರೂ ರೀಡ್‌ಲೈನ್ ಲೆಕ್ಕಕ್ಕೆ ಸೇರಿಸಿಕೊಂಡಿತ್ತು. ಕಾಣದ ಸಂಕೇತದ ಎರಡೂ ಬದಿಗೆ ಬ್ಯಾಕ್‌ಸ್ಲ್ಯಾಶ್ ಸಮೇತ ಚೌಕ ಕಂಸ ಹಾಕಿದರೆ ಅದನ್ನು ಎಣಿಸದೆ ಬಿಡುತ್ತದೆ. ಹಾಕಿಸಿದೆ. ಸಾಲು ನೆಟ್ಟಗೆ ಇಳಿಯಿತು.

"ಆದ್ರೂ ಕರ್ಸರ್ ಪಕ್ಕಕ್ಕೆ ನಿಂತದೆ ನೋಡು ಮಾವ."

ಅದು ನಿಜ. ಬಣ್ಣದ ಲೆಕ್ಕ ಸರಿಹೋಗಿದ್ದರೂ ಕನ್ನಡದ ಲೆಕ್ಕ ಬಾಕಿ ಇತ್ತು. 'ಭೀಮನಬೀಡು' ನಮ್ಮ ಕಣ್ಣಿಗೆ 5 ಅಕ್ಷರ; ಯುನಿಕೋಡಿನಲ್ಲಿ ದೀರ್ಘ, ಕೊಂಬುಗಳನ್ನು ಬೇರೆಯಾಗಿಟ್ಟು 8. ರೀಡ್‌ಲೈನ್ ಒಂದು ಅಗಲ ಅಂದುಕೊಳ್ಳುತ್ತದೆ, ಟರ್ಮಿನಲ್ ಇನ್ನೊಂದು, ಫಾಂಟ್ ಬಿಡಿಸುವುದು ಮತ್ತೊಂದು. 'ಗುಂಡ್ಲುಪೇಟೆ' ಅಂತ ಹಾಕಿ ನೋಡಿದೆವು, ಒತ್ತಕ್ಷರ ಬಂದು ಇನ್ನಷ್ಟು ಎಡವಟ್ಟಾಯಿತು. ಒಂದು ಅಕ್ಷರಕ್ಕೆ ಒಂದು ಮನೆ ಎಂದು ಇಂಗ್ಲಿಷಿಗೆ ಹೊಂದುವಂತೆ ಕಟ್ಟಿದ ಪರದೆ ಅದು. ಅದನ್ನು ಕನ್ನಡಕ್ಕೆ ಒಗ್ಗಿಸುವ ಕೆಲಸ ಆಗಲೇಬೇಕು, ನಮ್ಮ ಹುಡುಗರೇ ಮಾಡಬೇಕು ಎಂದು ನನಗೆ ಅವತ್ತು ಗಟ್ಟಿಯಾಗಿ ಅನ್ನಿಸಿತು.

"ಊರ ಹೆಸರು ತೆಗೆದಾಕ್ಲಾ?" ಎಂದು ಕೇಳಿದ.

"ಬ್ಯಾಡ ಕನ. ಹೆಸರು ಮೇಲಿನ ಸಾಲಲ್ಲಿರ್ಲಿ, ಡಾಲರ್ ಗುರುತು ಮಾತ್ರ ಕೆಳಕ್ಕೆ ಇಳಿಸು."

ಪ್ರಾಂಪ್ಟು ಎರಡು ಸಾಲಿನದಾದರೆ ಕರ್ಸರ್ ನಿಲ್ಲಿಸಲು ಕೊನೆಯ ಸಾಲಿನ ಅಗಲವಷ್ಟೇ ಬೇಕು. ಮೇಲಿನ ಸಾಲಲ್ಲಿ ಕನ್ನಡ ಎಷ್ಟು ಉದ್ದವಿದ್ದರೂ ಅಡ್ಡಿಯಿಲ್ಲ. ಅವನು ಪಿಎಸ್1 ಇರುವ ಕಡತ ತಿದ್ದಿ, ಹೊಸ ಟರ್ಮಿನಲ್ ತೆರೆದು, ಬೇಕೆಂದೇ ಎರಡು ಸಾಲು ತುಂಬುವಷ್ಟು ಉದ್ದದ ಆಜ್ಞೆ ಟೈಪಿಸಿದ. ನಡುವೆ ಹೋಗಿ ಒಂದು ಪದ ಅಳಿಸಿ ಮತ್ತೆ ಬರೆದ. ಎಲ್ಲವೂ ಅದರದರ ಜಾಗದಲ್ಲೇ ನಿಂತಿತು. ಹಾಸ್ಟೆಲಿನ ಗೆಳೆಯನಿಗೂ ಅವನ ಊರಿನ ಹೆಸರು ಹಾಕಿಕೊಡುತ್ತೇನೆಂದು ಆ ಎರಡು ಸಾಲಿನ ಪ್ರಾಂಪ್ಟನ್ನು ಆಗಲೇ ಕಳಿಸಿದ.